ಪ್ರಶ್ನೆ ಬರದ ಸಾಲುಗಳು

ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನಲವತ್ತು ಹುಡುಗಿಯರ ನಂಬರುಗಳಿದ್ದವು. ಅವುಗಳ ಕೆಳಗೆ ಒಂದು ಗೆರೆ. ಗೆರೆಯ ಆಚೆ ನನ್ನ ತಂಗಿಯ ನಂಬರು. ನಲವತ್ತನೆಯವಳಿಗೆ ಎಂಬತ್ತಾರು ಅಂಕ, ಇವಳಿಗೆ ಎಂಬತ್ತೈದು.

"ಅಣ್ಣ, ಇನ್ನೊಂದ್ಸಲ ನೋಡು," ಅಂದಳು.

"ಎಷ್ಟು ಸಲ ನೋಡಿದ್ರೂ ನಂಬರು ಗೆರೆ ಹಾರಿ ಮೇಲೆ ಹೋಗಲ್ಲ ಕಣೆ."

ಮನೆಯಲ್ಲಿ ಅವಳನ್ನು ಪಿಟೀಲು ಎಂದು ಕರೆಯುತ್ತೇವೆ. ಹುಟ್ಟಿದ ಮೊದಲ ಮೂರು ತಿಂಗಳು ಬಿಡದೆ ಅತ್ತಳಂತೆ, ಅದೂ ಒಂದೇ ಶ್ರುತಿಯಲ್ಲಿ. ಕೋಟಾ ಅಲ್ಲಿಗೇ ಮುಗಿಯಿತೇನೋ, ಆಮೇಲೆ ಅವಳು ಅತ್ತದ್ದನ್ನು ನಾನು ಹೆಚ್ಚು ನೋಡಿಲ್ಲ. ಆವತ್ತೂ ಅಳಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಈ ವಸತಿ ಕಾಲೇಜು ಬಿಟ್ಟರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಹತ್ತನೇ ತರಗತಿ ಮುಗಿಸಿದ ನಲವತ್ತು ಹುಡುಗಿಯರನ್ನು ಪರೀಕ್ಷೆ ಮಾಡಿ ಆರಿಸಿ, ಎರಡು ವರ್ಷ ಅಲ್ಲೇ ಇಟ್ಟುಕೊಂಡು, ಊಟ ಹಾಕಿ ಓದಿಸುತ್ತಾರೆ. ಸೀಟು ಸಿಕ್ಕರೆ ಓದು. ಸಿಗದಿದ್ದರೆ ಮುಂದಿನ ಸೋಮವಾರದಿಂದ ಅಮ್ಮನ ಜೊತೆ ಗಾರ್ಮೆಂಟ್ಸಿಗೆ, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನಿನ ಮುಂದೆ. ಅಮ್ಮ ಸೂಪರ್‌ವೈಸರನ ಕೈಕಾಲು ಹಿಡಿದು ಆ ಜಾಗವನ್ನು ಸೋಮವಾರದವರೆಗೆ ಖಾಲಿ ಇಡಿಸಿದ್ದಳು. ಅಮ್ಮನನ್ನು ದೂರುವಂತಿಲ್ಲ. ಅಪ್ಪ ಸತ್ತು ಒಂಬತ್ತು ವರ್ಷವಾಯಿತು, ಅವಳ ಬೆನ್ನು ನೆಟ್ಟಗಾಗದೆ ನಾಲ್ಕು ವರ್ಷವಾಯಿತು. ನಾನೋ ಎಂಟನೇ ತರಗತಿಗೇ ಸ್ಕೂಲು ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಒಬ್ಬ ಮೇಷ್ಟ್ರ ಮೇಲೆ ಡಸ್ಟರು ಎಸೆದು ಎದ್ದು ಬಂದೆ. ಪಿಟೀಲು ಹಾಗಲ್ಲ. ಅವಳಿಗೆ ಓದು ಅಂದರೆ ಹಸಿವು.

ಪಟ್ಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಆಕ್ಷೇಪಣೆ ಇದ್ದವರು ಬುಧವಾರ ಬರಬಹುದು ಎಂದು ಬರೆದಿತ್ತು. ಗುಮಾಸ್ತ ಅವಳ ಉತ್ತರ ಪತ್ರಿಕೆಯ ಜೆರಾಕ್ಸ್ ಕೊಟ್ಟ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಒಂದೊಂದೇ ಹಾಳೆ ನೋಡಿದೆವು. ನಿಜಕ್ಕೂ ತಪ್ಪಿದ್ದ ಕೆಲವನ್ನು ಬಿಟ್ಟರೆ ಎಲ್ಲ ಕಡೆ ಸರಿ, ಸರಿ, ಸರಿ. ಮೂವತ್ತನಾಲ್ಕನೇ ಪ್ರಶ್ನೆಗೆ ಬಂದರೆ, ಎರಡು ಅಂಕದ ಉತ್ತರದ ಮೇಲೆ ಕೆಂಪು ಇಂಕಿನ ಅಡ್ಡ ಗೀಟು, ಪಕ್ಕದಲ್ಲಿ ಸೊನ್ನೆ.

ಪ್ರಶ್ನೆ ಚರಿತ್ರೆಯದು. ಕಲ್ಲಿದ್ದಲಿನ ರೈಲನ್ನು ತಡೆದು ಗಿರಣಿಯ ಮುಷ್ಕರವನ್ನು ಗೆಲ್ಲಿಸಿದವರು ಯಾರು? ಅವಳ ಉತ್ತರ: ನೂಲು ಸುತ್ತುವ ಬಾಬಿನ್ ಕೋಣೆಯ ಹತ್ತೊಂಬತ್ತು ಮಂದಿ ಹೆಂಗಸರು. ಮಾದರಿ ಉತ್ತರ: ಕಾರ್ಮಿಕ ಸಂಘದ ಸದಸ್ಯರು, ತಮ್ಮ ಮುಖಂಡ ಫಿಟ್ಟರನ ನೇತೃತ್ವದಲ್ಲಿ.

"ಪುಸ್ತಕದಲ್ಲಿ ಏನಿದೆ ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಅಜ್ಜಿ ಅಲ್ಲಿ ಕೂತಿದ್ಳು ಅಣ್ಣ. ಅವಳನ್ನ ಬಿಟ್ಟು ಆ ಫಿಟ್ಟರನ್ನ ಹೇಗೆ ಬರೀಲಿ?"

"ಪೆನ್ನಲ್ಲಿ," ಅಂದೆ. "ಪೆನ್ನಲ್ಲಿ ಬರೀಬೇಕಿತ್ತು."

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಅವಳ ಮೇಲೂ ಇತ್ತು, ಸುಳ್ಳು ಹೇಳಲಾರೆ.

ಮನೆಗೆ ಬಂದಾಗ ಅಜ್ಜಿ ಕಿಟಕಿಯ ಬಳಿ ಕೂತು, ಅಮ್ಮ ಗಂಟು ಕಟ್ಟಿ ತಂದಿದ್ದ ಅಂಗಿಗಳ ದಾರದ ತುದಿಗಳನ್ನು ಪುಟ್ಟ ಕತ್ತರಿಯಲ್ಲಿ ಕತ್ತರಿಸುತ್ತಿದ್ದಳು. ಅಮ್ಮನ ಅಮ್ಮ ಇವಳು. ಎಂಬತ್ತು ದಾಟಿದರೂ ಕಣ್ಣು ಹದ್ದಿನದು. ವಿಷಯ ಹೇಳಿದೆವು.

"ಆ ಫಿಟ್ಟರಾ?" ಅಂದಳು. "ಆವತ್ತು ಅವನಿಗೆ ಜ್ವರ. ಅಂದ್ರೆ, ಜ್ವರ ಅಂತ ಹೆಂಡತಿ ಕೈಲಿ ಹೇಳಿಸಿದ್ದ. ಪೊಲೀಸರು ಹೋದ ಮೇಲೆ ಜ್ವರಾನೂ ಹೋಯ್ತು."

"ಅಜ್ಜಿ, ತಮಾಷೆ ಬೇಡ. ನೀವು ರೈಲು ತಡೆದದ್ದು ನಿಜ ತಾನೇ?"

"ತಡೀಬೇಕು ಅಂತ ಯಾರು ಹೋಗಿದ್ರು ಮಗಾ. ಸಂಘದ ಕೋಣೆ ಒಳಗೆ ಹೆಂಗಸರನ್ನ ಬಿಡ್ತಿರಲಿಲ್ಲ. ಒಳಗೆ ಬೀಡಿ ಹೊಗೆ, ನಿಮಗಾಗಲ್ಲ, ಮನೆಗೆ ಹೋಗಿ ಅಂತಿದ್ರು. ದಿನಕ್ಕೆ ಹತ್ತು ಗಂಟೆ ಹತ್ತಿ ಧೂಳು ಕುಡಿಯೋರಿಗೆ ಬೀಡಿ ಹೊಗೆ ಆಗಲ್ವಂತೆ. ಸರಿ, ನಮ್ಮ ಸಭೆ ನಾವೇ ಮಾಡ್ಕೊಳೋಣ ಅಂತ ಗಿರಣಿ ಹಿಂದಿನ ಹಳಿ ಮೇಲೆ ಕೂತ್ವಿ. ಕೂರೋಕೆ ಬೇರೆ ಒಣಗಿದ ಜಾಗ ಇರಲಿಲ್ಲ. ಅಷ್ಟರಲ್ಲಿ ರೈಲು ಬಂತು. ಡ್ರೈವರು ಇಳಿದು ಬಂದು ಬಾಯಿಗೆ ಬಂದಹಾಗೆ ಬೈದ. ಸಭೆ ಮುಗಿದ ಮೇಲೆ ಏಳ್ತೀವಿ ಅಂದ್ವಿ."

"ಯಾವಾಗ ಮುಗೀತು?"

"ಹನ್ನೊಂದು ದಿನಕ್ಕೆ. ಮಾತು ಜಾಸ್ತಿ ಇತ್ತು."

ಪಿಟೀಲು ನಕ್ಕಳು. ಬೆಳಗಿನಿಂದ ಅದೇ ಮೊದಲು. ಕಲ್ಲಿದ್ದಲು ಹೋಗದೆ ಗಿರಣಿಯ ಬಾಯ್ಲರ್ ಆರಿತ್ತು, ಮಾಲೀಕರು ಮಾತುಕತೆಗೆ ಬಂದಿದ್ದರು. ಆ ಮಾತುಕತೆಗೆ ಮಾತ್ರ ಜ್ವರ ಬಿಟ್ಟ ಫಿಟ್ಟರ್ ಹೋಗಿ ಕೂತಿದ್ದ, ಫೋಟೋದಲ್ಲೂ ಅವನೇ ಇದ್ದಾನೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ನಾನು ಪಠ್ಯಪುಸ್ತಕ ತೆಗೆದು ಆ ಪುಟ ಗಟ್ಟಿಯಾಗಿ ಓದಿದೆ. "ಸಂಘದ ಸದಸ್ಯರು ಮುಖಂಡ ಫಿಟ್ಟರನ ನೇತೃತ್ವದಲ್ಲಿ ಕಲ್ಲಿದ್ದಲಿನ ರೈಲನ್ನು ತಡೆದರು. ಅವರ ಪತ್ನಿಯರು ಮನೆಗಳಲ್ಲೇ ಇದ್ದುಕೊಂಡು, ಅವರಿಗೆ ಧೈರ್ಯ ತುಂಬಿದರು."

"ಯಾರ ಪತ್ನಿಯರು?" ಅಜ್ಜಿ ಕೇಳಿದಳು.

"ನೀವೇ."

"ನಾನಾ? ನಿಮ್ಮ ತಾತನಿಗೆ ಧೈರ್ಯಾನಾ? ಹಳಿಯಿಂದ ಎದ್ದು ಬರ್ತೀಯೋ ಇಲ್ವೋ, ಮಗು ಅಳ್ತಿದೆ ಅಂತ ದಿನಾ ಬಂದು ಗೋಗರೀತಿದ್ದ. ಮಗೂನ ಇಲ್ಲೇ ತಂದು ಕೊಡು, ಹಾಲು ನಿನ್ನ ಹತ್ರ ಇಲ್ಲ ಅಂದೆ."

"ಯಾವ ಅಯೋಗ್ಯ ಬರೆದನೋ ಇದನ್ನ," ಅಂದೆ ನಾನು. "ಕೈಗೆ ಸಿಕ್ಕಿದ್ರೆ ಈ ಪುಸ್ತಕಾನೇ ಬಾಯಿಗೆ ತುರುಕ್ತಿದ್ದೆ."

ಆದರೆ ಓದುವಾಗ ಇನ್ನೊಂದು ಯೋಚನೆ ಬಂದಿತ್ತು. ಹತ್ತೊಂಬತ್ತು ಎನ್ನುವ ಆ ಅಂಕಿಯನ್ನು ನಾನು ಅಜ್ಜಿಯ ಬಾಯಿಂದ ಮಾತ್ರ ಕೇಳಿದ್ದಲ್ಲ, ಅಚ್ಚಿನಲ್ಲೂ ಎಲ್ಲೋ ಕಣ್ಣಿಗೆ ಬಿದ್ದಿತ್ತು. ಬೀಳದೆ ಏನು, ಆ ಪುಸ್ತಕದ ಪುಟಗಳನ್ನು ಜೋಡಿಸಿದವನೇ ನಾನು.

ನನ್ನ ಕೆಲಸ ಪ್ರೆಸ್ಸಿನಲ್ಲಿ. ಬೇರೆಯವರು ಬರೆದದ್ದು ಫೈಲಾಗಿ ಬರುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಪುಟಕ್ಕೆ ಸುರಿದು, ಚಿತ್ರ ಕೂರಿಸಿ, ಪುಸ್ತಕದ ಆಕಾರಕ್ಕೆ ತರುತ್ತೇನೆ. ಮಾರ್ಚ್ ತಿಂಗಳಲ್ಲಿ ಶಾಲಾ ಪುಸ್ತಕಗಳ ಸೀಸನ್ನು, ಆಗ ಹತ್ತು ಹನ್ನೆರಡು ಪುಸ್ತಕ ಒಟ್ಟಿಗೇ ಮೈಮೇಲೆ ಬೀಳುತ್ತವೆ. ಯಾವುದರಲ್ಲಿ ಏನಿದೆ ಎಂದು ಓದುತ್ತ ಕೂತರೆ ಮುಗಿಯಿತು ಕಥೆ. ನಾವು ಅಕ್ಷರ ಓದುವುದಿಲ್ಲ, ಅಕ್ಷರದ ಉದ್ದಗಲ ನೋಡುತ್ತೇವೆ.

ಆಕ್ಷೇಪಣೆಗೆ ಪುಸ್ತಕದ ಆಧಾರ ಬೇಕು ಎಂದು ಗುಮಾಸ್ತ ಹೇಳಿದ್ದ. ಹತ್ತೊಂಬತ್ತು ಹೆಂಗಸರ ಮಾತು ಎಲ್ಲೋ ಅಚ್ಚಾಗಿದ್ದರೆ, ಹಳೆಯ ಪ್ರೂಫಿನಲ್ಲಾದರೂ ಇದ್ದರೆ, ಆ ಎರಡು ಅಂಕ ವಾಪಸ್ಸು ಬರುತ್ತದೆ. ಎಂಬತ್ತೇಳಾದರೆ ಅವಳು ಗೆರೆಯ ಮೇಲೆ.

ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಪ್ರೆಸ್ಸಿಗೆ ಹೋದೆ. ಬೈಂಡಿಂಗ್ ಮನೆಯಲ್ಲಿ ಹೆಂಗಸರು ಆಗಲೇ ಹಾಳೆ ಮಡಿಸಲು ಕೂತಿದ್ದರು. ಪ್ರೂಫುಗಳೆಲ್ಲ ಕಾಮಾ ಮೇಷ್ಟ್ರ ಬೀರುವಿನಲ್ಲಿರುತ್ತವೆ. ನಿವೃತ್ತ ಮೇಷ್ಟ್ರು, ಈಗ ನಮ್ಮಲ್ಲಿ ಕರಡು ತಿದ್ದುತ್ತಾರೆ. ಲೋಕ ಮುಳುಗಿದರೂ ಕಾಮಾ ಮಾತ್ರ ಸರಿಯಾದ ಜಾಗದಲ್ಲಿರಬೇಕು ಅವರಿಗೆ, ಅದಕ್ಕೇ ಆ ಹೆಸರು.

"ಹತ್ತನೇ ಕ್ಲಾಸಿನ ಚರಿತ್ರೆ ಮೇಷ್ಟ್ರೇ. ಹೋದ ವರ್ಷದ್ದು. ಎಲ್ಲಾ ಪ್ರೂಫು."

"ಯಾಕಯ್ಯಾ, ಪರೀಕ್ಷೆ ಕಟ್ತಿದ್ದೀಯಾ?"

"ನನ್ನ ತಂಗಿ ಕಟ್ಟಿದ್ಳು."

ಮುಖ ನೋಡಿ ಆಮೇಲೆ ಅವರು ತಮಾಷೆ ಮಾಡಲಿಲ್ಲ. ದಾರ ಕಟ್ಟಿದ ಕಟ್ಟು ತೆಗೆದುಕೊಟ್ಟರು. ಒಂದನೇ ಪ್ರೂಫಿನಲ್ಲೇ ಸಿಕ್ಕಿತು. ಪುಟದ ಕೆಳಗೆ, ಸುತ್ತ ಗೆರೆ ಎಳೆದ ಪೆಟ್ಟಿಗೆಯೊಳಗೆ: "ನಿಮಗಿದು ತಿಳಿದಿರಲಿ. ಕಲ್ಲಿದ್ದಲಿನ ರೈಲನ್ನು ಮೊದಲು ತಡೆದವರು ಬಾಬಿನ್ ಕೋಣೆಯ ಹತ್ತೊಂಬತ್ತು ಮಂದಿ ಹೆಂಗಸರು. ಸಂಘದ ಸಭೆಗೆ ಪ್ರವೇಶವಿಲ್ಲದ ಅವರು ಹಳಿಗಳ ಮೇಲೆಯೇ ಸಭೆ ಸೇರಿದರು. ಹನ್ನೊಂದು ದಿನ ಅಲ್ಲಿಂದ ಏಳಲಿಲ್ಲ."

ಸಂತೋಷಕ್ಕೆ ಇನ್ನೊಮ್ಮೆ ಓದಿದೆ. ಎರಡನೇ ಪ್ರೂಫು ತಿರುಗಿಸಿದೆ. ಅಲ್ಲಿ ಆ ಪೆಟ್ಟಿಗೆಯ ಮೇಲೆ ನೀಲಿ ಇಂಕಿನಲ್ಲಿ ಮೂಲೆಯಿಂದ ಮೂಲೆಗೆ ಗೀಟು. ಪಕ್ಕದಲ್ಲಿ ಬರೆದಿತ್ತು: "ಫಾರಂಗೆ ಹೊಂದಿಸಲು ತೆಗೆದಿದೆ." ಕೆಳಗೆ ಸಹಿ.

ಸಹಿ ನನ್ನದು.

ಫಾರಂ ಅಂದರೆ ಹದಿನಾರು ಪುಟ. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಎಂಟೆಂಟು ಪುಟ ಅಚ್ಚು ಹಾಕಿ ಮಡಿಸುತ್ತಾರೆ. ಪುಸ್ತಕ ಎಷ್ಟೇ ದೊಡ್ಡದಿರಲಿ, ಹದಿನಾರರ ಲೆಕ್ಕಕ್ಕೇ ಬಂದು ನಿಲ್ಲಬೇಕು. ಆ ಪುಸ್ತಕ ನೂರ ಅರವತ್ತು ಪುಟ ದಾಟಿ ನೂರ ಅರವತ್ತೊಂದಕ್ಕೆ ಹೋಗಿತ್ತು. ಆ ಕೊನೆಯ ಪುಟದಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಸಾಲು. ನಾಲ್ಕು ಸಾಲಿಗೋಸ್ಕರ ಹೊಸ ಫಾರಂ ಹಾಕಲು ಯಾವ ಯಜಮಾನ ಒಪ್ಪುತ್ತಾನೆ? ಪಠ್ಯ ಸಮಿತಿಯ ಕಾರ್ಯದರ್ಶಿಗೆ ಫೋನು ಮಾಡಿದ್ದೆ. ಅವರು ಯಾವುದೋ ಮದುವೆ ಮನೆಯಲ್ಲಿದ್ದರು. "ನಾಲ್ಕು ಸಾಲು ತಾನೇ. ಪ್ರಶ್ನೆ ಬರದೇ ಇರೋ ಕಡೆ ತೆಗಿ," ಅಂದಿದ್ದರು.

ಪ್ರಶ್ನೆ ಬರದ ಜಾಗ ಯಾವುದು ಎಂದು ನಮ್ಮ ಪ್ರೆಸ್ಸಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಪೆಟ್ಟಿಗೆಗಳು. ಅವುಗಳಿಂದ ಪರೀಕ್ಷೆಗೆ ಏನೂ ಬರುವುದಿಲ್ಲ. ಐದು ವರ್ಷದಿಂದ ಪುಸ್ತಕ ಉದ್ದವಾದಾಗೆಲ್ಲ ನಾನು ಪೆಟ್ಟಿಗೆ ಕತ್ತರಿಸಿಕೊಂಡೇ ಬಂದಿದ್ದೆ. ಆ ಪೆಟ್ಟಿಗೆಗಳಲ್ಲಿ ಯಾರು ಇರುತ್ತಾರೆ ಎಂದು ಒಂದು ದಿನವೂ ನೋಡಿರಲಿಲ್ಲ. ಆವತ್ತು ಬೀರುವಿನ ಮುಂದೆ ನೆಲದ ಮೇಲೆ ಕೂತು ನೋಡಿದೆ. ಏಳನೇ ತರಗತಿಯದು, ಎಂಟರದು, ಒಂಬತ್ತರದು. ನೀರಾವರಿ ಕಾಲುವೆಯ ಲೆಕ್ಕ ಹಾಕಿದ ವಿಧವೆ. ಪತ್ರಿಕೆ ನಡೆಸಿದ ಸೊಸೆ. ಸೇನೆಗೆ ದಾರಿ ತೋರಿಸಿದ ಅಗಸಗಿತ್ತಿ. ರಾಜರೂ ಮುಖಂಡರೂ ಪಾಠದ ಮೈಯಲ್ಲಿ ಆರಾಮವಾಗಿ ಕಾಲು ಚಾಚಿಕೊಂಡಿದ್ದರು. ಹೆಂಗಸರನ್ನೆಲ್ಲ ಬರೆದವರು ಪೆಟ್ಟಿಗೆಗೆ ಹಾಕಿದ್ದರು, ಪೆಟ್ಟಿಗೆಯನ್ನು ನಾನು ಎತ್ತಿ ಆಚೆ ಇಟ್ಟಿದ್ದೆ. ಹೆಂಗಸರನ್ನು ತೆಗೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಮೂರನೇ ಪ್ರೂಫಿನ ಮೇಲೆ ಬೆರಳಿಟ್ಟರು.

"ಆರು ಸಾಲಿನ ಪೆಟ್ಟಿಗೆ ತೆಗೆದ ಮೇಲೆ ಪುಟದ ಕೆಳಗೆ ಎರಡು ಸಾಲಿನ ತೂತು ಬಿತ್ತು, ನೆನಪಿದೆಯಾ?"

ನೆನಪಿರಲಿಲ್ಲ. ಅವರ ಬೆರಳಿನ ಕೆಳಗೆ ಓದಿದ ಮೇಲೆ ನೆನಪಾಯಿತು. ಎರಡು ಸಾಲು ಖಾಲಿ ಬಿಟ್ಟರೆ ಕೆಟ್ಟದಾಗಿ ಕಾಣುತ್ತದೆ ಎಂದು ನಾನೇ ಅಲ್ಲಿ ಒಂದು ವಾಕ್ಯ ಹೊಡೆದಿದ್ದೆ. ಯೋಚಿಸಿಯೂ ಇರಲಿಲ್ಲ. ಎಂಟನೇ ಕ್ಲಾಸಿನವರೆಗೆ ಅಂಥ ವಾಕ್ಯ ಎಷ್ಟು ಓದಿರಲಿಲ್ಲ ನಾನು, ಕೈ ತಾನೇ ಬರೆದುಕೊಂಡು ಹೋಗಿತ್ತು. ಅವರ ಪತ್ನಿಯರು ಮನೆಗಳಲ್ಲೇ ಇದ್ದುಕೊಂಡು ಅವರಿಗೆ ಧೈರ್ಯ ತುಂಬಿದರು.

"ನಾನು ಒಂದು ಕಾಮಾ ಹಾಕಿದೆ," ಅಂದರು ಮೇಷ್ಟ್ರು. "ಇದ್ದುಕೊಂಡು ಆದ ಮೇಲೆ." ಕನ್ನಡಕ ತೆಗೆದು ಒರೆಸುತ್ತ, "ಅಷ್ಟೇ ಮಾಡಿದ್ದು ನಾನು," ಅಂದರು.

ಹಿಂದಿನ ದಿನ ನಾನು ಬೈದದ್ದು ಯಾರನ್ನು ಎಂದು ಆಗ ತಿಳಿಯಿತು. ಪುಸ್ತಕ ಬಾಯಿಗೆ ತುರುಕಬೇಕಾದವನು ಯಾರು ಎಂದೂ.

ಮೂರು ಪ್ರೂಫನ್ನೂ ಅಂಗಿಯ ಒಳಗಿಟ್ಟುಕೊಂಡು ಮನೆಗೆ ಹೋದೆ. "ಆಧಾರ ಸಿಕ್ತಾ?" ಎಂದು ಪಿಟೀಲು ಕೇಳಿದಳು. ಸಿಕ್ಕಿತು ಅಂದೆ. ಯಾರು ತೆಗೆದದ್ದು ಎಂದು ಹೇಳಲಿಲ್ಲ. ಅಮ್ಮ ತಲೆ ಸವರಲು ಬಂದಳು, ಕೈ ತಳ್ಳಿದೆ.

ಬುಧವಾರ ಕಾಲೇಜಿನ ಆಫೀಸಿನಲ್ಲಿ ಉದ್ದ ಮೇಜಿನ ಆ ಕಡೆ ಮೂವರು ಕೂತಿದ್ದರು. ನಡುವೆ ಒಬ್ಬ ಮೇಡಂ, ಆಚೀಚೆ ಇಬ್ಬರು ಗಂಡಸರು. ಮೇಡಂ ಕೆಟ್ಟವರಲ್ಲ. ಮೊದಲು ಪಿಟೀಲಿಗೆ ಕೂರಲು ಹೇಳಿದರು.

"ಹತ್ತೊಂಬತ್ತು ಅಂತ ಬರ್ದಿದ್ದೀಯ. ಎಲ್ಲಿ ಓದಿದೆ?"

"ಓದಿದ್ದಲ್ಲ ಮೇಡಂ. ನಮ್ಮಜ್ಜಿ ಹೇಳಿದ್ದು. ಅವರೂ ಒಬ್ರು."

ಎಡಗಡೆಯವರು ನಕ್ಕರು. "ಅಜ್ಜಿ ಸಿಲಬಸ್ಸಲ್ಲಿ ಇಲ್ಲಮ್ಮ."

ನಾನು ಒಂದನೇ ಪ್ರೂಫನ್ನು ಮೇಜಿನ ಮೇಲಿಟ್ಟೆ. "ಇದ್ರು ಸಾರ್. ನೋಡಿ."

ಮೂವರೂ ಬಗ್ಗಿ ಓದಿದರು. ಮೇಡಂ ಎರಡು ಸಲ ಓದಿದರು. ಅವರ ಮುಖ ಸ್ವಲ್ಪ ಸಡಿಲವಾದಂತೆ ಕಂಡು ನನಗೆ ಆಸೆ ಹುಟ್ಟಿತು.

"ಇದು ಅಚ್ಚಾದ ಪುಸ್ತಕದಲ್ಲಿ ಯಾಕಿಲ್ಲ?"

"ನಾನು ತೆಗೆದೆ," ಅಂದೆ.

ಪಿಟೀಲು ತಿರುಗಿ ನನ್ನನ್ನು ನೋಡಿದಳು. ನಾನು ಅವಳತ್ತ ನೋಡದೆ ಎಲ್ಲ ಹೇಳಿದೆ. ನಾಲ್ಕು ಸಾಲು, ಹದಿನಾರು ಪುಟ, ಮದುವೆ ಮನೆಗೆ ಮಾಡಿದ ಫೋನು. "ತಪ್ಪು ನಂದು ಮೇಡಂ. ಬರೆದವರು ಬರೆದಿದ್ರು. ಇವಳು ಬರೆದ ಉತ್ತರ ಸರಿ ಇದೆ."

"ನೀನು ತೆಗೆದೆ," ಅಂದರು ಮೇಡಂ. "ಆಮೇಲೆ ಸಮಿತಿ ಆ ಪ್ರತಿಗೆ ಸಹಿ ಹಾಕಿದೆ. ಸಹಿ ಬಿದ್ದ ಮೇಲೆ ಅದು ನೀನು ತೆಗೆದದ್ದಲ್ಲ, ಸಮಿತಿ ಒಪ್ಪಿದ್ದು. ನಮಗೆ ಅಚ್ಚಾದ ಪುಸ್ತಕವೇ ಆಧಾರ. ಇಲ್ಲಾಂದ್ರೆ ಪ್ರತಿಯೊಬ್ಬರೂ ಅವರವರ ಅಜ್ಜೀನ ಕರ್ಕೊಂಡು ಬರ್ತಾರೆ."

"ಬರ್ಲಿ ಬಿಡಿ ಮೇಡಂ. ಅಜ್ಜಿಗಳಿಗೆ ಬೇರೆ ಏನು ಕೆಲಸ," ಅಂದೆ.

"ಮಾತು ಹಿಡಿತದಲ್ಲಿರಲಿ," ಅಂದರು ಬಲಗಡೆಯವರು. ಅವರು ಪುಸ್ತಕ ತೆರೆದು ಪುಟ ಹುಡುಕಿ ನಮ್ಮ ಕಡೆ ತಿರುಗಿಸಿದರು. "ಹೆಂಗಸರನ್ನ ಬಿಟ್ಟೇ ಬಿಟ್ಟಿದ್ದಾರೆ ಅಂತ ಹೇಳೋಹಾಗೂ ಇಲ್ವಲ್ಲ. ಇಲ್ಲಿದೆ ನೋಡಿ, ಪತ್ನಿಯರು ಧೈರ್ಯ ತುಂಬಿದರು ಅಂತ. ಚೆನ್ನಾಗೇ ಬರೆದಿದ್ದಾರೆ."

"ಆ ಸಾಲು ನಾನು ಬರೆದದ್ದು ಸಾರ್. ತೂತು ಮುಚ್ಚೋಕೆ."

ಎಡಗಡೆಯವರು ಪೆನ್ನಿನ ಟೋಪಿ ಹಾಕಿದರು, ತೆಗೆದರು. ನಾನು ಎಂಟನೇ ಕ್ಲಾಸಿಗೇ ಬಿಟ್ಟವನು, ಎರಡು ಸಾಲು ಹೊಡೆದರೆ ಅದು ಚರಿತ್ರೆ. ನನ್ನ ಅಜ್ಜಿ ಹನ್ನೊಂದು ದಿನ ಹಳಿಯ ಮೇಲೆ ಕೂತರೆ ಅದು ಸೊನ್ನೆ ಅಂಕ. ಇದನ್ನು ಹೀಗೇ ಹೇಳಬೇಕೆಂದು ಬಾಯಿ ತೆರೆದೆ. ಪಿಟೀಲು ಮೇಜಿನ ಕೆಳಗೆ ನನ್ನ ಮೊಣಕಾಲು ಹಿಡಿದುಕೊಂಡಳು.

ಮೇಡಂ ಅವಳ ಕಡೆ ನೋಡಿ ಹೇಳಿದರು. "ಒಂದು ದಾರಿ ಇದೆ. ವಿವಾದ ಇರೋ ಅರ್ಜಿನ ವೇಟಿಂಗ್ ಲಿಸ್ಟಿಗೆ ಸೇರಿಸೋಹಾಗಿಲ್ಲ. ಆಕ್ಷೇಪಣೆ ವಾಪಸ್ ತಗೊಂಡ್ರೆ ನೀನು ವೇಟಿಂಗ್ ಒಂದನೇ ನಂಬರು. ಶುಕ್ರವಾರ ಸಂಜೆ ಐದು ಗಂಟೆಗೆ ಅಡ್ಮಿಷನ್ ಮುಗಿಯತ್ತೆ. ನಲವತ್ತರಲ್ಲಿ ಒಬ್ಬಳು ಬರದೇ ಇದ್ರೂ ಸೀಟು ನಿಂದು. ಪ್ರತಿ ವರ್ಷ ಒಬ್ರಿಬ್ರು ಬರಲ್ಲ."

"ವಾಪಸ್ ಅಂದ್ರೆ ಏನು ಮಾಡ್ಬೇಕು ಮೇಡಂ?"

"ನನ್ನ ಉತ್ತರ ತಪ್ಪು, ಮಾದರಿ ಉತ್ತರ ಸರಿ ಅಂತ ಬರೆದು ಸಹಿ ಹಾಕ್ಬೇಕು. ಮಾದರಿ ಉತ್ತರಾನೂ ಬರೀಬೇಕು."

"ಬರಿ," ಅಂದೆ ನಾನು. "ಏನು ಬೇಕಾದ್ರೂ ಬರಿ. ಸೂರ್ಯ ಪಶ್ಚಿಮಕ್ಕೆ ಹುಟ್ತಾನೆ ಅಂತ ಬೇಕಾದ್ರೂ ಬರಿ."

ಅವಳು ಬರೆದಳು. ಅವಳ ಅಕ್ಷರ ದುಂಡಗೆ, ಒಂದೂ ಗೆರೆ ತಪ್ಪುವುದಿಲ್ಲ. ಕಾರ್ಮಿಕ ಸಂಘದ ಸದಸ್ಯರು, ತಮ್ಮ ಮುಖಂಡ ಫಿಟ್ಟರನ ನೇತೃತ್ವದಲ್ಲಿ. ಫಿಟ್ಟರ್ ಎನ್ನುವಲ್ಲಿ ಪೆನ್ನು ಒಂದು ಕ್ಷಣ ನಿಂತಿತು, ಆಮೇಲೆ ಹೋಯಿತು.

ಹೊರಗೆ ಬಂದ ಮೇಲೆ ಅವಳು ಬೈಯುತ್ತಾಳೆ ಎಂದು ಕಾದೆ. ಬಸ್ ಸ್ಟಾಪಿನವರೆಗೂ ನನಗಿಂತ ಮುಂದೆ ಮುಂದೆ ನಡೆದಳು.

"ಒಂದು ಮಾತು ನಂಗೆ ಮೊದಲೇ ಹೇಳಬಹುದಿತ್ತು," ಅಂದಳು ಕೊನೆಗೆ.

"ಹೇಳಿದ್ರೆ ಏನು ಮಾಡ್ತಿದ್ದೆ?"

"ಮೊಣಕಾಲು ಇನ್ನೂ ಗಟ್ಟಿಯಾಗಿ ಹಿಡೀತಿದ್ದೆ."

ಗುರುವಾರ ಯಜಮಾನರು ಕರೆದರು. ಸುದ್ದಿ ಅವರಿಗೆ ಮುಟ್ಟಿತ್ತು. ಕೆಲಸದಿಂದ ತೆಗೆದಿದ್ದರೆ ನನಗೊಂದು ಸಮಾಧಾನವಿರುತ್ತಿತ್ತು, ಅದೂ ಮಾಡಲಿಲ್ಲ. "ಮುಂದಿನ ವರ್ಷಾನೂ ಇದೇ ಪುಸ್ತಕ, ಇದೇ ಫೈಲು. ಅದಕ್ಕೆ ಕೈ ಹಾಕೋಕೆ ಹೋಗ್ಬೇಡ," ಎಂದಷ್ಟೇ ಹೇಳಿ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಟ್ರಂಕು ಹಿಡಿದು ನಾವಿಬ್ಬರು ಕಾಲೇಜಿಗೆ ಹೋದೆವು. ವೇಟಿಂಗ್ ನಂಬರಿನವರು ಸಾಮಾನು ಸಮೇತ ಹಾಜರಿರಬೇಕು ಎಂದಿದ್ದರು. ಬಸ್ಸಿನಲ್ಲಿ ಪಿಟೀಲು ಕೇಳಿದಳು.

"ಬರದೇ ಇರೋಳು ಯಾಕೆ ಬರಲ್ಲ ಅಣ್ಣ?"

"ಏನೋ. ಜ್ವರ ಬಂದಿರಬಹುದು."

"ಜ್ವರಕ್ಕೆ ಯಾರು ಸೀಟು ಬಿಡ್ತಾರೆ."

ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳಿಗೆ ಸೀಟು ಸಿಗಬೇಕಾದರೆ, ಎಲ್ಲೋ ಒಂದು ಮನೆಯಲ್ಲಿ ಅಪ್ಪನೋ ಅಣ್ಣನೋ ಎದ್ದು ನಿಂತು, ಓದಿದ್ದು ಸಾಕು ಅನ್ನಬೇಕಿತ್ತು. ಒಂದು ಹುಡುಗಿಗೆ ಗಂಡು ಗೊತ್ತಾಗಬೇಕಿತ್ತು, ಇಲ್ಲವೇ ಒಂದು ಮಷೀನು. ನಾನು ಆ ಮನೆಗಾಗಿ, ಆ ಅಪ್ಪನಿಗಾಗಿ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಹೇಳು ಮಾರಾಯ, ಬೇಡ ಅನ್ನು, ಇವತ್ತೊಂದು ದಿನ ಬೇಡ ಅನ್ನು.

ಕಾಲೇಜಿನ ಗೇಟು ದಾಟಿದರೆ ದಾರಿ ಎರಡಾಗುತ್ತದೆ. ಎಡಕ್ಕೆ ಆಫೀಸು, ಬಲಕ್ಕೆ ಅಡುಗೆ ಮನೆ, ಅದರಾಚೆ ಹಳೆಯ ಗೋದಾಮುಗಳು. ಕವಲಿನ ಹತ್ತಿರ ಟ್ರಂಕು ಇಟ್ಟುಕೊಂಡು ನಿಂತೆವು. ಹುಡುಗಿಯರು ಬರುತ್ತಲೇ ಇದ್ದರು. ಪ್ರತಿಯೊಬ್ಬಳು ಒಳಗೆ ಹೋದಾಗಲೂ ಪಿಟೀಲು ಎಣಿಸುತ್ತಿದ್ದಳು. ಮೊದಲೇ ಬಂದವರೂ ಸೇರಿ ಮೂರು ಗಂಟೆಗೆ ಮೂವತ್ತೈದು. ನಾಲ್ಕಕ್ಕೆ ಮೂವತ್ತೊಂಬತ್ತು. ಆಮೇಲೆ ಯಾರೂ ಬರಲಿಲ್ಲ.

"ಸೊಸೆ ತಪ್ಪು ಮಾಡ್ಲಿ ಅಂತ ಕಾಯೋ ಅತ್ತೆ ಥರ ನಿಂತಿದ್ದೀರಲ್ಲ," ಅಂದ ಗೇಟಿನ ಕಾವಲುಗಾರ. ಅವನಿಗೆ ನಮ್ಮ ವಿಷಯ ಗೊತ್ತಾಗಿತ್ತು. "ಇನ್ನು ಬರಲ್ಲ ಬಿಡಿ. ಐದರೊಳಗೆ ಬರೋದ್ರಲ್ಲಿ ನಾಲ್ಕೂವರೆ ಬಸ್ಸೇ ಕೊನೇದು, ಅದೂ ಹೋಯ್ತು." ಒಳಗೆ ಹೋಗಿ ಟೀ ಕುಡಿದು ಬರುತ್ತೇನೆಂದು ಹೋದ.

ನಾಲ್ಕೂ ಮುಕ್ಕಾಲು. ಪಿಟೀಲು ಟ್ರಂಕಿನ ಮೇಲೆ ಕೂತು ಕೈ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡಿದ್ದಳು. ನನ್ನ ಎದೆ ಮೆಲ್ಲಗೆ ಹಗುರಾಗತೊಡಗಿತ್ತು. ಅಮ್ಮನಿಗೆ ಯಾವ ಮಾತಿನಲ್ಲಿ ಹೇಳಬೇಕು ಎಂದು ಯೋಚಿಸುತ್ತಿದ್ದೆ.

ಆಗ ರಸ್ತೆಯ ತಿರುವಿನಲ್ಲಿ ಇಬ್ಬರು ಕಂಡರು. ಒಬ್ಬಳು ನಡುವಯಸ್ಸಿನ ಹೆಂಗಸು, ತಲೆಯ ಮೇಲೆ ಗಂಟು. ಹಿಂದೆ ಒಂದು ಹುಡುಗಿ, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದಳು. ಗೇಟಿನೊಳಗೆ ಬಂದು ಹೆಂಗಸು ಏದುಸಿರು ಬಿಡುತ್ತ ನನ್ನ ಮುಂದೆ ಒಂದು ಕಾಗದ ಹಿಡಿದಳು. ನಲವತ್ತರಲ್ಲಿ ಒಂದು ನಂಬರು.

"ಅಪ್ಪಾ, ಇದು ಎಲ್ಲಿ ಕೊಡ್ಬೇಕು? ನಡ್ಕೊಂಡು ಬಂದ್ವಿ. ಮನೇಲಿ ಗಂಡಸರಿಗೆ ಹೇಳಿಲ್ಲ. ಬೇಗ ಹೇಳಪ್ಪಾ."

ನನ್ನ ಕೈ ಎದ್ದಿತು. ನಾನು ಎತ್ತಿದೆ ಎಂದು ಹೇಳುವುದೇ ಸರಿ. ಬಲಕ್ಕೆ ತೋರಿಸಿದೆ.

"ಆ ಕಡೆ. ಅಡುಗೆ ಮನೆ ದಾಟಿ ಕೊನೇಲಿ."

"ಪುಣ್ಯ ಬರ್ಲಿ ನಿಂಗೆ," ಅಂದು 'ಬಾರೆ' ಎಂದು ಮಗಳ ಕೈ ಎಳೆದುಕೊಂಡು ಓಡಿದಳು. ಹುಡುಗಿಯ ಬರಿಗಾಲು ಕಲ್ಲಿನ ಮೇಲೆ ಬೀಳುತ್ತಿದ್ದದ್ದು ಕೇಳಿಸುತ್ತಿತ್ತು. ಹನ್ನೆರಡು ನಿಮಿಷವಿತ್ತು. ಗೋದಾಮಿನವರೆಗೆ ಹೋಗಿ, ಬೀಗ ನೋಡಿ, ಯಾರನ್ನೋ ಕೇಳಿ, ವಾಪಸ್ಸು ಬರಲು ಅಷ್ಟು ಸಾಕಾಗುತ್ತಿರಲಿಲ್ಲ. ನಾನು ಲೆಕ್ಕ ಹಾಕಿದ್ದೆ.

ಪಿಟೀಲು ಎದ್ದು ನಿಂತಿದ್ದಳು. ನನ್ನ ಮುಖ ನೋಡಿದಳು. ನಾನು ಹಲ್ಲು ಕಚ್ಚಿ, "ಕೂತ್ಕೋ," ಅಂದೆ.

ಅವಳು ಕೂರಲಿಲ್ಲ. ಕೂಡಲೇ ಓಡಲೂ ಇಲ್ಲ. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಅವಳನ್ನು ದೇವತೆ ಮಾಡಿ ಇನ್ನೊಂದು ಪೆಟ್ಟಿಗೆಗೆ ಹಾಕಲು ನನಗೆ ಇಷ್ಟವಿಲ್ಲ. ಅವಳು ನಿಂತೇ ಇದ್ದಳು. ಅವರಿಬ್ಬರೂ ಅಡುಗೆ ಮನೆಯ ಮೂಲೆ ತಿರುಗುವವರೆಗೂ ನಿಂತಿದ್ದಳು, ಒಂದು ಕೈ ಟ್ರಂಕಿನ ಹಿಡಿಯ ಮೇಲೆ. ಆಮೇಲೆ ಹಿಡಿ ಬಿಟ್ಟು ಓಡಿದಳು.

"ಅಕ್ಕಾ, ಆ ಕಡೆ ಅಲ್ಲ," ಎಂದು ಕೂಗಿದ್ದು ಕೇಳಿಸಿತು. "ಈ ಕಡೆ ಬನ್ನಿ, ಐದಕ್ಕೆ ಮುಚ್ತಾರೆ."

ಮೂವರೂ ನನ್ನ ಮುಂದೆಯೇ ಓಡಿ ಎಡಕ್ಕೆ ಹೋದರು. ಗಂಟು ಈಗ ಪಿಟೀಲಿನ ಕೈಯಲ್ಲಿತ್ತು. ಆ ಹೆಂಗಸು ನನ್ನತ್ತ ತಿರುಗಿಯೂ ನೋಡಲಿಲ್ಲ. ಗುಮಾಸ್ತ ಕಿಟಕಿಯಿಂದ ಕೈ ಚಾಚಿ ಕಾಗದ ತೆಗೆದುಕೊಂಡದ್ದು, ಗೋಡೆಯ ಗಡಿಯಾರ ನೋಡಿದ್ದು, ಬರೆದುಕೊಂಡದ್ದು ಎಲ್ಲ ನಾನು ನಿಂತಲ್ಲಿಂದಲೇ ಕಾಣಿಸಿತು. ಐದು ಗಂಟೆಗೆ ಕಿಟಕಿ ಮುಚ್ಚಿತು.

ಅವಳು ನಿಧಾನ ನಡೆದು ಬಂದಳು. ನನ್ನ ಪಕ್ಕ ನಿಲ್ಲಲಿಲ್ಲ, ಟ್ರಂಕಿನ ಆ ಕಡೆ ನಿಂತಳು.

"ಹುಚ್ಚಿ," ಅಂದೆ. "ಹುಚ್ಚಿ ನೀನು. ನಿನ್ನ ಬದುಕು ಕಣೆ ಅದು. ನಿನ್ನ ಕೈಯಾರೆ ಎತ್ತಿ ಕೊಟ್ಟೆಯಲ್ಲ."

"ಅದು ಅವಳ ನಂಬರು ಅಣ್ಣ."

"ಅವಳು ಯಾರು ನಿಂಗೆ?"

ಅವಳು ಟ್ರಂಕಿನ ಮುಚ್ಚಳದ ಮೇಲೆ ಬಿದ್ದ ಧೂಳನ್ನು ಅಂಗೈಯಲ್ಲಿ ಒರೆಸಿದಳು, ಒರೆಸಿದ ಕೈಯನ್ನೇ ನೋಡಿದಳು.

"ನಾನು ಹೋಗದೇ ಇದ್ರೆ ನೀನು ಹೋಗ್ತಿದ್ದೆಯಾ?" ಎಂದು ಕೇಳಿದಳು. "ಐದು ನಿಮಿಷ ಬಿಟ್ಟಾದ್ರೂ?"

ಹೌದು ಎನ್ನಬಹುದಿತ್ತು. ನನ್ನ ಹತ್ತಿರ ಇನ್ನು ಅವಳಿಗೆ ಕೊಡಲು ನಿಜ ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ.

"ಇಲ್ಲ," ಅಂದೆ.

ತಲೆ ಆಡಿಸಿದಳು. ಕಾವಲುಗಾರ ಟೀ ಮುಗಿಸಿ ಬಂದು ನಮ್ಮಿಬ್ಬರನ್ನೂ ಟ್ರಂಕನ್ನೂ ನೋಡಿ, ಏನೂ ಕೇಳದೆ ಗೇಟಿನ ಒಂದು ಬಾಗಿಲು ಎಳೆದ.

"ಗಾರ್ಮೆಂಟ್ಸ್ ಬಸ್ಸು ಎಷ್ಟು ಗಂಟೆಗೆ?" ಅಂದಳು ಪಿಟೀಲು.

"ಆರೂಕಾಲಿಗೆ."

"ಅಮ್ಮ ಎಷ್ಟಕ್ಕೆ ಏಳ್ತಾಳೆ?"

"ನಾಲ್ಕೂವರೆಗೆ," ಅಂದೆ. ಅವಳು ಆಗ ಅಳತೊಡಗಿದಳು, ನಿಂತಲ್ಲೇ, ಸದ್ದಿಲ್ಲದೆ. ನಾನು ಟ್ರಂಕಿನ ಒಂದು ಹಿಡಿ ಎತ್ತಿದೆ. ಇನ್ನೊಂದು ಹಿಡಿಯನ್ನು ಅವಳು ಎತ್ತುವುದನ್ನು ಕಾಯುತ್ತ, ಬಗ್ಗಿದ ಬೆನ್ನಲ್ಲೇ ಬಹಳ ಹೊತ್ತು ನಿಂತಿದ್ದೆ.